ದೇವರಮನೆ ಕಿಟಕಿಯ ಸೀತಾಳೆ

ದೇವರಾಜ ಮೊಹಲ್ಲಾದ ನಮ್ಮ ಹಳೇ ಮನೆಗೆ ಬಿಸಿಲು ಬರುತ್ತಿದ್ದದ್ದು ಒಂದೇ ಕಿಟಕಿಯಿಂದ. ಆ ಕಿಟಕಿ ಇದ್ದದ್ದು ದೇವರಮನೆಯಲ್ಲಿ. ಆ ದೇವರಮನೆಯೊಳಕ್ಕೆ ನಮ್ಮಮ್ಮ ಕಾಲಿಡುತ್ತಿರಲಿಲ್ಲ. ಇವು ಮೂರೂ ನನಗೆ ಬುದ್ಧಿ ಬಂದಾಗಿನಿಂದ ಗೊತ್ತಿದ್ದ ಸಂಗತಿಗಳೇ. ಆದರೆ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಮದುವೆಯಾಗಿ ಬಂದಾಗಿನಿಂದ ಅಮ್ಮ ಆ ಮನೆಯೊಳಗೆ ಒಂದು ದಿನವೂ ಬಿಸಿಲಲ್ಲಿ ಕೂತಿಲ್ಲ ಅಂತ ಅರ್ಥವಾಗುತ್ತದಲ್ಲ, ಅದು ಮಾತ್ರ ನನಗೆ ಹೊಳೆದೇ ಇರಲಿಲ್ಲ. ಇವತ್ತು ವಿಜಯನಗರದ ನನ್ನ ಮನೆಗೆ ಎಲ್ಲ ಕಡೆಯಿಂದಲೂ ಬಿಸಿಲು ನುಗ್ಗುತ್ತದೆ, ಪರದೆ ಎಳೆದು ತಡೆಯಬೇಕು, ಆದರೂ ಅದು ನೆನಪಾದರೆ ಕೈಲಿದ್ದ ಕೆಲಸ ನಿಂತುಹೋಗುತ್ತದೆ.

ಕೆಳಗೆ ಅಪ್ಪಾಜಿಯ ಗ್ರಂಧಿಗೆ ಅಂಗಡಿ, ಮೇಲೆ ನಾವು. ಲಾವಂಚದ ಬೇರು, ಸಾಂಬ್ರಾಣಿ, ಅಳಲೆಕಾಯಿ, ವಿಭೂತಿ ಗಟ್ಟಿ, ಬಾಣಂತಿಯರ ಖಾರದ ಸಾಮಾನು, ಎಲ್ಲದರ ವಾಸನೆಯೂ ಮರದ ಮೆಟ್ಟಿಲು ಹತ್ತಿ ಬಂದು ನಮ್ಮ ಹಾಸಿಗೆ ಬಟ್ಟೆಯಲ್ಲಿ ಸೇರಿಕೊಳ್ಳುತ್ತಿತ್ತು. ಶಾಲೆಯಲ್ಲಿ ಪಕ್ಕದಲ್ಲಿ ಕೂತವರು ನನ್ನನ್ನು ಮೂಸಿ ನೋಡಿ ನಗೋರು. ಮನೆಯ ಎರಡು ಕಡೆಯೂ ಪಕ್ಕದವರ ಗೋಡೆ, ಹಿಂದೆ ಯಾರದೋ ಗೋದಾಮು, ಮೇಲೆ ಹೆಂಚು. ಹಜಾರದಲ್ಲಿ ಮಟಮಟ ಮಧ್ಯಾಹ್ನವೂ ಲೈಟು ಉರಿಯಬೇಕು. ಅಡುಗೆಮನೆಯಲ್ಲಿ ಒಂದು ಗವಾಕ್ಷಿ ಇತ್ತು, ಅದರಿಂದ ಹೊಗೆ ಹೋಗುತ್ತಿತ್ತೇ ಹೊರತು ಬೆಳಕು ಬರುತ್ತಿರಲಿಲ್ಲ. ದೇವರಮನೆ ಮಾತ್ರ ಬೀದಿ ಕಡೆಗೆ ಚಾಚಿಕೊಂಡಿತ್ತು. ಬಾಗಿಲು ದಾಟಿದರೆ ಕೋಣೆ ಬಲಕ್ಕೆ ತಿರುಗುತ್ತಿತ್ತು. ಆ ತಿರುವಿನಾಚೆ ಪೂರ್ವದ ಅಗಲವಾದ ಕಿಟಕಿ, ಮರದ ಸರಳು, ಮಕ್ಕಳು ಕೂರುವಷ್ಟು ಕಟ್ಟೆ. ಹೊಸಿಲಿನ ಹೊರಗೆ ನಿಂತವರಿಗೆ ಕಿಟಕಿ ಕಾಣುತ್ತಿರಲಿಲ್ಲ, ಕೆಂಪು ಗಾರೆ ನೆಲದ ಮೇಲೆ ಬಿದ್ದ ಬಿಸಿಲು ಮಾತ್ರ ಕಾಣುತ್ತಿತ್ತು. ಬೆಳಗ್ಗೆ ಸ್ನಾನವಾದ ಮೇಲೆ ಅಜ್ಜಿ ಆ ಬಿಸಿಲಲ್ಲಿ ಮಣೆ ಹಾಕಿಕೊಂಡು ಕೂತು, ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಎಡಗೈ ಅಂಗೈಯಲ್ಲಿ ಇಟ್ಟುಕೊಂಡರೆ ಮುಗಿಯಿತು, ಲಿಂಗ ಮತ್ತೆ ಕರಡಿಗೆ ಸೇರುವವರೆಗೆ ತುಟಿ ಬಿಚ್ಚುತ್ತಿರಲಿಲ್ಲ. ಮನೆಗೆ ಬೆಂಕಿ ಬಿದ್ದರೂ ಅವ್ವ ಪೂಜೆ ಮುಗಿಸಿಯೇ ಕಿರುಚೋದು ಅಂತ ಅಪ್ಪಾಜಿ ತಮಾಷೆ ಮಾಡೋರು.

ಅಪ್ಪಾಜಿ ಬೀದಿಗೆಲ್ಲ ಬೇಕಾದವರು. ಯಾರಿಗೆ ಯಾರ ಮೇಲೆ ಮುನಿಸಾದರೂ ನಮ್ಮ ಅಂಗಡಿ ಮೆಟ್ಟಿಲು ಹತ್ತೋರು. ಜಗಳ ಬಿಡಿಸುವುದರಲ್ಲಿ ಅಪ್ಪಾಜಿಯದು ಒಂದು ಕ್ರಮ ಇತ್ತು, ಇಬ್ಬರನ್ನೂ ಎದುರೆದುರು ಕೂರಿಸುತ್ತಲೇ ಇರಲಿಲ್ಲ. ಬಳೆ ಅಂಗಡಿಯವರಿಗೂ ಹೂವಿನವರಿಗೂ ಸೂರಿನ ನೀರು ಯಾರ ಕಡೆ ಬೀಳಬೇಕು ಅಂತ ಜಗಳವಾಗಿ ಮಾತು ಬಿಟ್ಟಾಗ, ಬಳೆಯವರನ್ನು ಕಾಫಿಗೆ ಕರೆದುಕೊಂಡು ಹೋಗಿ, ಪಾಪ, ಹೂವಿನವನು ಬಹಳ ನೊಂದುಕೊಂಡಿದಾನೆ, ಬಾಯಿಬಿಟ್ಟು ಹೇಳೋಕೆ ನಾಚಿಕೆ ಅಷ್ಟೇ ಅಂದರು. ಆಮೇಲೆ ಹೂವಿನವರನ್ನು ಕರೆದುಕೊಂಡು ಹೋಗಿ ಅದೇ ಮಾತನ್ನು ಬಳೆಯವರ ಬಗ್ಗೆ ಅಂದರು. ನಿಜವಾಗಿ ನೊಂದವರು ಇಬ್ಬರಲ್ಲಿ ಒಬ್ಬರೂ ಇರಲಿಲ್ಲ. ಆದರೂ ಸಂಜೆ ಹೊತ್ತಿಗೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನಾನು ಗಲ್ಲಾದ ಪಕ್ಕ ಕೂತು ಕಣ್ಣರಳಿಸಿ ಇದನ್ನೆಲ್ಲ ನೋಡುತ್ತಿದ್ದೆ. ಇಬ್ಬರಿಗೂ ಬೇಜಾರಾಗಬಾರದು ಮಗ, ಅಷ್ಟು ಮಾಡಿದರೆ ಸಾಕು ಅನ್ನೋರು. ಅಪ್ಪಾಜಿ ಗದರಿದ್ದನ್ನು ನಾನು ಕೇಳಿಲ್ಲ. ನಮ್ಮ ಮನೆಯಲ್ಲಂತೂ ಜಗಳ ಅನ್ನೋದೇ ಇರಲಿಲ್ಲ. ಅತ್ತೆ ಸೊಸೆ ಅಂದರೆ ಹೀಗಿರಬೇಕು ಅಂತ ಬೀದಿಯವರು ನಮ್ಮನ್ನು ತೋರಿಸಿ ಹೇಳೋರು.

ಅಮ್ಮನ ಹೆಸರು ಜಯ, ಹುಣಸೂರು ಕಡೆಯ ಬೇಸಾಯದ ಮನೆಯವಳು. ನಾವು ಲಿಂಗ ಕಟ್ಟುವವರು, ಮಠಕ್ಕೆ ನಡೆದುಕೊಳ್ಳುವವರು. ಸೀಗೆಕಾಯಿ, ಅಂಟುವಾಳ ಕೊಳ್ಳಲು ಅವರ ಊರಿಗೆ ಹೋಗಿ ಬರುತ್ತಿದ್ದ ಅಪ್ಪಾಜಿ ಇಷ್ಟಪಟ್ಟು ಅಮ್ಮನನ್ನು ಮದುವೆಯಾದರು. ಹಾಗೆ ಬಂದ ಸೊಸೆಯ ಜೊತೆ ಅಜ್ಜಿ ಒರಟಾಗಿ ನಡೆದುಕೊಂಡಿದ್ದೇ ಇಲ್ಲ. ಅಮ್ಮ ಮಾಡಿದ ಅಡುಗೆಯನ್ನೇ ಉಣ್ಣುತ್ತಿದ್ದರು. ಅಮ್ಮ ಮಾಡಿದ ಪಾಯಸವೇ ಎಡೆಗೆ ದೇವರಮನೆಯೊಳಗೆ ಹೋಗುತ್ತಿತ್ತು, ಅದನ್ನು ಒಯ್ಯುತ್ತಿದ್ದವಳು ನಾನು. ಅಮ್ಮ ಹೊಸಿಲಿನ ಆಚೆ ನಿಂತು ಬಟ್ಟಲು ನನ್ನ ಕೈಗೆ ಕೊಡೋಳು. ಒಳಗೆ ಗುಡಿಸುವುದು ಅಜ್ಜಿ, ಇಲ್ಲ ನಾನು. ಯಾಕೆ ಹೀಗೆ ಅಂತ ಒಂದು ಸಲ ಕೇಳಿದಾಗ ಅಪ್ಪಾಜಿ ನನ್ನ ತಲೆ ಸವರಿ, ನಿಮ್ಮಮ್ಮನ ಕಡೆ ಪದ್ಧತಿ ಬೇರೆ, ನಮ್ಮ ಕಡೆ ಪದ್ಧತಿ ಬೇರೆ, ಇದನ್ನೆಲ್ಲ ಅಜ್ಜಿ ಹತ್ರ ಕೇಳಬೇಡ, ಅಮ್ಮನ ಹತ್ರಾನೂ ಕೇಳಬೇಡ, ಇಬ್ಬರಿಗೂ ಬೇಜಾರು ಅಂದರು. ಸರಿ ಅಂದುಕೊಂಡೆ. ಎಲ್ಲರ ಮನೆಯಲ್ಲೂ ಅಮ್ಮಂದಿರು ಹೊರಗೇ ನಿಲ್ಲುತ್ತಾರೆ ಅಂತಲೇ ತಿಳಿದಿದ್ದೆ. ಒಂದು ಸಂಜೆ ಅಶೋಕಪುರಂನ ನನ್ನ ಗೆಳತಿಯ ಮನೆಗೆ ಹೋದಾಗ ಅವಳ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಸೀದಾ ದೇವರ ಮುಂದೆ ಹೋಗಿ ದೀಪ ಹಚ್ಚಿಬಿಟ್ಟರು. ನಾನು ದಂಗಾಗಿ, ಅಯ್ಯೋ, ನಿಮ್ಮಮ್ಮ ಒಳಗೆ ಹೋದ್ರು ಕಣೇ ಅಂದೆ. ಗೆಳತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಅಮ್ಮನ ತವರಲ್ಲಿ ಗಾಳಿಗೆ ದೊಡ್ಡ ಮಾವಿನ ಮರ ಬಿತ್ತು. ನೋಡಲು ಹೋಗಿದ್ದ ಅಮ್ಮ ಬಸ್ಸಿನಲ್ಲಿ ವಾಪಸು ಬರುವಾಗ ಒದ್ದೆ ಗೋಣಿಯಲ್ಲಿ ಕೊಂಬೆಯ ಒಂದು ತುಂಡು ಸುತ್ತಿ ತಂದಳು. ಕೊಂಬೆಗೆ ಒಂದು ಗಿಡ ಅಂಟಿಕೊಂಡಿತ್ತು. ದಪ್ಪ ಪಟ್ಟಿಯಂಥ ಎಲೆ, ಕೆಳಗೆ ಬಿಳೀ ಬೇರು ಜೋಲಾಡುತ್ತಿತ್ತು, ಒಂದು ಚೂರು ಮಣ್ಣಿಲ್ಲ. ಸೀತಾಳೆ ದಂಡೆ ಅಂದಳು. ಹೂ ಬಿಟ್ಟರೆ ಬಾಲದ ಹಾಗೆ ಇಳಿಬೀಳುತ್ತದಂತೆ, ಬಿಳಿಯ ಮೇಲೆ ನೇರಳೆ ಚುಕ್ಕೆಯಂತೆ, ಕೀಳದೆ ಬಿಟ್ಟರೆ ವಾರಗಟ್ಟಲೆ ಗಿಡದಲ್ಲೇ ಇರುತ್ತದಂತೆ. ತವರಲ್ಲಿ ಅದನ್ನು ಯಾರೂ ಕೀಳುತ್ತಿರಲಿಲ್ಲ, ಮಕ್ಕಳೆಲ್ಲ ಮರದ ಕೆಳಗೆ ಹೋಗಿ ಕತ್ತೆತ್ತಿ ನಿಲ್ಲೋರು ಅಂದಳು. ಅಜ್ಜಿ ದೂರದಿಂದ ನೋಡಿ, ಬಂದಳಿಕೆ ಇರಬೇಕು ಕಣೋ ಮಾದೇವ, ಮರ ತಿನ್ನೋ ಗಿಡ ಮನೆಯೊಳಗೆ ಯಾಕೆ ಅಂತ ಅಪ್ಪಾಜಿಗೆ ಅಂದರು. ಬಂದಳಿಕೆ ಅಲ್ಲ, ಇದು ಮರದ ರಸ ಹೀರಲ್ಲ, ಮರದ ಮೇಲೆ ಸುಮ್ಮನೆ ಕೂತಿರುತ್ತೆ ಅಷ್ಟೇ ಅಂದಳು ಅಮ್ಮ. ಅಂದದ್ದು ಅಜ್ಜಿಗಲ್ಲ, ಅಪ್ಪಾಜಿಗೆ. ಅಪ್ಪಾಜಿ ಅದನ್ನು ಅಜ್ಜಿಗೆ ಹೇಳಿದರು. ಮೂರೂ ಜನ ಒಂದೇ ಹಜಾರದಲ್ಲಿ ನಿಂತಿದ್ದರು. ಉಪ್ಪು, ಹಾಲು, ಬಟ್ಟೆ ಒಣಗಿತಾ ಅನ್ನುವಂಥ ಮಾತು ಬಿಟ್ಟರೆ ಮಿಕ್ಕಿದ್ದೆಲ್ಲ ನಮ್ಮ ಮನೆಯಲ್ಲಿ ಹೀಗೆ ಅಪ್ಪಾಜಿಯ ಮೂಲಕವೇ ಹೋಗಿ ಬರುತ್ತಿತ್ತು. ಆಗ ನನಗೆ ಅದು ವಿಚಿತ್ರ ಅನ್ನಿಸಲಿಲ್ಲ.

ಇಸ್ತ್ರಿ ಗಾಡಿಯವರ ಹತ್ತಿರ ಇದ್ದಿಲು ಕೇಳಿ ತಂದು, ಇಟ್ಟಿಗೆ ಚೂರು, ತೆಂಗಿನ ನಾರು ಸೇರಿಸಿ, ಅಮ್ಮ ಬಿದಿರು ಪುಟ್ಟಿಯೊಂದರಲ್ಲಿ ಗಿಡ ಕೂರಿಸಿದಳು. ಅಡುಗೆಮನೆಯ ಗವಾಕ್ಷಿ ಕೆಳಗೆ ಇಟ್ಟದ್ದಾಯಿತು, ಎಲೆ ಮಂಕಾಯಿತು. ಹಜಾರದಲ್ಲಿ ಇಟ್ಟದ್ದಾಯಿತು, ಬೇರು ಸುರುಟಿತು. ಇದಕ್ಕೆ ಬೆಳಗಿನ ಬಿಸಿಲು ಬೇಕು, ಇಲ್ಲದಿದ್ದರೆ ಉಳಿಯಲ್ಲ ಅಂತ ಅಮ್ಮ ಅಪ್ಪಾಜಿಗೆ ಹೇಳಿದ್ದು ನನ್ನ ಎದುರಿಗೇ. ಹೇಳಿ ನೆಲ ನೋಡಿದಳು. ಇರು, ನಾನು ಅವ್ವನ ಹತ್ರ ಮಾತಾಡ್ತೀನಿ ಅಂತ ಅಪ್ಪಾಜಿ ದೇವರಮನೆಯೊಳಗೆ ಹೋದರು, ನಗುತ್ತಾ ಹೊರಗೆ ಬಂದರು. ಕಿಟಕೀಲಿ ಇಡು ಅಂದ್ರು ಅವ್ವ. ಹೂ ಬಿಟ್ರೂ ಯಾರೂ ಕೀಳಲ್ಲ, ಮಾತು ಕೊಟ್ಟಿದಾರೆ ಅಂದರು. ಅಮ್ಮನ ಮುಖ ಅಷ್ಟು ಅರಳಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಪುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಹೊಸಿಲು ದಾಟಿ, ಬಲಕ್ಕೆ ತಿರುಗಿ, ಕಿಟಕಿ ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟು, ಇಟ್ಟೆ ಕಣಮ್ಮಾ, ನೋಡು ಬಾ ಅಂತ ಕೂಗಿಬಿಟ್ಟೆ. ತಿರುವಿನ ಈಚೆಗೆ ಬಂದು ನೋಡಿದರೆ ಅಮ್ಮ ಹೊಸಿಲಿನ ಆಚೆ ಹಾಗೇ ನಿಂತಿದ್ದಾಳೆ, ಕತ್ತಲಲ್ಲಿ. ಬಿಸಿಲು ಅವಳ ಕಾಲಿಗಿಂತ ಒಂದು ಮಾರು ದೂರದಲ್ಲಿ ನಿಂತುಹೋಗಿದೆ. ಆಗಲೇ ನನಗೆ ಆ ಮೂರೂ ಸಂಗತಿ ಒಟ್ಟಿಗೆ ಕಂಡದ್ದು. ಅಲ್ರೀ, ಕಾಡಿನ ಕೊಂಬೆ ಮೇಲಿದ್ದ ಒಂದು ಗಿಡ, ಸ್ನಾನ ಇಲ್ಲ, ಮಡಿ ಇಲ್ಲ, ಅದು ಒಳಗೆ ಬಂತು. ಅದನ್ನು ತಂದವಳು ಹೊರಗೆ ನಿಂತಳು.

ಗಿಡದ ಆರೈಕೆ ನನ್ನ ಪಾಲಿಗೆ ಬಂತು. ಅಮ್ಮ ಹೊಸಿಲಿನ ಆಚೆಯಿಂದ ಹೇಳೋಳು, ನಾನು ಒಳಗಿಂದ ಮಾಡೋಳು. ಬೇರು ಬೆಳ್ಳಗಿದ್ದರೆ ನೀರು ಹಾಕು, ಹಸಿರಾಗಿದ್ದರೆ ಬೇಡ. ಎಲೆಯ ಸಂದಿಯಲ್ಲಿ ನೀರು ನಿಲ್ಲಿಸಬೇಡ, ಸುಳಿ ಕೊಳೆಯುತ್ತೆ. ಭಾನುವಾರ ಪುಟ್ಟಿಯನ್ನು ಹೊರಗೆ ತಂದು ತೋರಿಸುತ್ತಿದ್ದೆ, ಅಮ್ಮ ಎಲೆಯ ಬೆನ್ನನ್ನೆಲ್ಲ ಒರೆಸಿ ಕಳಿಸೋಳು. ಅಮ್ಮನಿಗೆ ಅದು ಹಬ್ಬ. ಆಮೇಲೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೇರುಗಳು ಪುಟ್ಟಿಯಿಂದ ಹೊರಬಿದ್ದು ಕಿಟಕಿಯ ಮರದ ಸರಳನ್ನು ಹಿಡಿದುಕೊಂಡವು. ಒಂದು ಭಾನುವಾರ ಎತ್ತಲು ಹೋದರೆ ಗಿಡ ಬರಲಿಲ್ಲ, ಚರ್ ಅಂತ ಸದ್ದಾಯಿತು. ಬುಡು ಬುಡು, ಕಿತ್ಬುಡ್ತೀಯ ಅಂತ ಅಮ್ಮ ಹೊರಗಿಂದಲೇ ಚೀರಿದಳು. ಅಲ್ಲಿಗೆ ಭಾನುವಾರದ ಹಬ್ಬವೂ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಮ್ಮ ಆ ಗಿಡವನ್ನು ನೋಡಲಿಲ್ಲ. ಬೆಳಗ್ಗೆ ನೆಲದ ಬಿಸಿಲಿನಲ್ಲಿ ಅದರ ನೆರಳು ಬೀಳುತ್ತಿತ್ತು, ಅದನ್ನು ನೋಡೋಳು. ಸೌಟು ಕೈಯಲ್ಲಿ ಹಿಡಿದುಕೊಂಡೇ ಬಂದು ನಿಂತು, ಹೊಸ ಎಲೆ ಬಂದಿದೆ ಅಲ್ವೇನೇ ಅಂತ ನೆರಳು ನೋಡಿ ಹೇಳೋಳು. ಅದು ಸರಿಯಾಗಿಯೇ ಇರುತ್ತಿತ್ತು.

ಇನ್ನೊಂದು ವಿಷಯ ಹೇಳಬೇಕು. ಅಜ್ಜಿಗೂ ಆ ಗಿಡದ ಮೇಲೆ ಆಸೆ ಹತ್ತಿತ್ತು. ಪೂಜೆ ಮುಗಿಸಿ ಏಳುವಾಗ ಸೆರಗಿನ ತುದಿ ಒದ್ದೆ ಮಾಡಿಕೊಂಡು ಎಲೆ ಒರೆಸೋರು. ಯಾವಾಗ ಬಿಡ್ತದಂತೆ ಹೂವು, ನಿಮ್ಮಮ್ಮನ್ನ ಕೇಳು ಅನ್ನೋರು. ನಾನು ಹೊರಗೆ ಬಂದು ಅಮ್ಮನನ್ನು ಕೇಳಿ ಮತ್ತೆ ಒಳಗೆ ಹೋಗಿ ಹೇಳೋಳು. ಈಗ ನೆನೆಸಿಕೊಂಡರೆ ನಾನೂ ಅಪ್ಪಾಜಿಯ ಕೆಲಸಕ್ಕೇ ತಯಾರಾಗುತ್ತಿದ್ದೆ ಅನ್ನಿಸುತ್ತದೆ.

ಕೆಲವು ವರ್ಷ ಅದು ಎಲೆ ಬಿಟ್ಟಿತೇ ಹೊರತು ಹೂ ಬಿಡಲಿಲ್ಲ. ಕಡೆಗೆ ಒಂದು ಬೇಸಿಗೆಯ ಕೊನೆಯಲ್ಲಿ, ಶಾಲೆ ಶುರುವಾಗುವ ಮುಂಚೆ, ಎಲೆಯ ಸಂದಿಯಿಂದ ಒಂದು ಹಸಿರು ಮೂತಿ ಹೊರಗೆ ಬಂತು. ದಿನದಿನಕ್ಕೆ ಉದ್ದವಾಯಿತು, ಬಾಗಿತು, ಮೈತುಂಬ ಮೊಗ್ಗು ಕಟ್ಟಿತು. ಅಮ್ಮನಿಗೆ ಅಡುಗೆಮನೆಯಲ್ಲಿ ಕಾಲು ನಿಲ್ಲಲಿಲ್ಲ. ಎಷ್ಟುದ್ದ ಇದೆ, ಯಾವ ಕಡೆ ಬಾಗಿದೆ, ಬಣ್ಣ ತಿರುಗಿದೆಯಾ ಅಂತ ಗಳಿಗೆಗೊಂದು ಸಲ ಬಂದು ಕೇಳೋಳು. ನೆರಳಿಗೆ ಬಣ್ಣ ಇರುವುದಿಲ್ಲವಲ್ಲ. ಆಮೇಲೆ ಅವಳಿಗೇ ಒಂದು ಉಪಾಯ ಹೊಳೆಯಿತು. ಅಪ್ಪಾಜಿ ಗಡ್ಡ ಹೆರೆದುಕೊಳ್ಳುವ ಕನ್ನಡಿ ತಂದು ನನ್ನ ಕೈಗೆ ಕೊಟ್ಟು, ತಿರುವಿನಲ್ಲಿ ನಿಂತು ಅಡ್ಡ ಹಿಡಿ, ನನಗೆ ಇಲ್ಲಿಂದಲೇ ಕಾಣಬೇಕು ಅಂದಳು. ಹಿಡಿದೆ. ಒಂದು ಸಲ ಗೋಡೆ ಕಂಡಿತು, ಒಂದು ಸಲ ನನ್ನ ಮೂಗು, ಒಂದು ಸಲ ಬಿಸಿಲು ಸೀದಾ ಅಮ್ಮನ ಕಣ್ಣಿಗೆ ಹೊಡೆದು ಇಬ್ಬರೂ ನಕ್ಕೆವು. ಮೇಲಿನ ಮೊಗ್ಗು ಆಗಲೇ ಬಿರಿದಿತ್ತು, ಪೂರ್ತಿ ಅರಳಲಿ, ನಾಳೆ ಬೆಳಗ್ಗೆ ನೋಡೋಣ ಅಂತ ಅಮ್ಮ ಕನ್ನಡಿಯನ್ನು ಸೀರೆಯಲ್ಲಿ ಒರೆಸಿ ಎತ್ತಿಟ್ಟಳು.

ಮಾರನೆಯ ಬೆಳಗ್ಗೆ ನಾನು ಕನ್ನಡಿ ಹಿಡಿದುಕೊಂಡು ಒಳಗೆ ಹೋದೆ. ಅಜ್ಜಿ ಪೂಜೆಗೆ ಕೂತಿದ್ದರು. ಕ್ರಮ ತಪ್ಪದ ಹಾಗೆ ಹಿಂದಿನಿಂದ ಸುತ್ತಿಕೊಂಡು ಕಿಟಕಿಗೆ ಹೋದರೆ ಗಿಡದಲ್ಲಿ ಹೂವಿಲ್ಲ. ಎಲೆಯ ಸಂದಿಯಲ್ಲಿ ಕೊಯ್ದ ಗುರುತು, ಒಂದು ಹನಿ ನೀರು ನಿಂತಿದೆ. ತಿರುಗಿ ನೋಡಿದೆ. ಅಜ್ಜಿಯ ಎಡಗೈಯಲ್ಲಿ ಲಿಂಗ, ಲಿಂಗದ ಸುತ್ತ ಆ ದಂಡೆ. ಬಿಳಿ, ನೇರಳೆ ಚುಕ್ಕೆ, ಅಂಗೈ ತುಂಬಿ ಮುಂಗೈವರೆಗೆ ಇಳಿಬಿದ್ದಿದೆ. ಅದರ ವಾಸನೆ ಅಪ್ಪಾಜಿಯ ಅಂಗಡಿಯ ವಾಸನೆಯನ್ನೆಲ್ಲ ಮುಚ್ಚಿಹಾಕಿತ್ತು. ಅಜ್ಜಿಯ ಕಣ್ಣಲ್ಲಿ ನೀರಿತ್ತು, ಸಂತೋಷದ್ದು. ದೇವರಮನೆಯಲ್ಲಿ ಕಿರುಚಬಾರದು ಅಂತ ಗೊತ್ತಿದ್ದೂ ಕಿರುಚಿದೆ.

"ಅಮ್ಮಾ, ಕಿತ್ಬುಟ್ರು ಕಣಮ್ಮ!"

ಅಮ್ಮ ಬಂದಳು. ಹೊಸಿಲಿಗೆ ಅಲ್ಲ, ಒಳಗೆ. ಕೈಗೆ ರಾಗಿ ಹಿಟ್ಟು ಮೆತ್ತಿತ್ತು, ಸ್ನಾನ ಆಗಿರಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ಹೊಸಿಲು ದಾಟಿ, ಬಲಕ್ಕೆ ತಿರುಗಿ, ಬಿಸಿಲಿನ ನಡುವೆ ಬಂದು ನಿಂತಳು. ಏನೋ ಆಗುತ್ತದೆ, ದೀಪ ಆರುತ್ತದೆ, ಅಜ್ಜಿ ಬೀಳುತ್ತಾರೆ ಅಂತ ಕಾದೆ. ಏನೂ ಆಗಲಿಲ್ಲ. ಅಜ್ಜಿ ತಲೆ ಎತ್ತಿ ನೋಡಿದರು, ಕಣ್ಣು ಇಷ್ಟಗಲ ಆಯಿತು, ಆದರೆ ಕೈಯಲ್ಲಿ ಲಿಂಗ ಇದೆ, ಮಾತಾಡುವ ಹಾಗಿಲ್ಲ, ಏಳುವ ಹಾಗಿಲ್ಲ. ಮತ್ತೆ ಅಂಗೈಗೆ ದೃಷ್ಟಿ ಇಟ್ಟರು. ಅಮ್ಮನೂ ಕಾದಳು. ಆ ಹೊತ್ತಿನಲ್ಲಿ ಅವಳು ಮೊದಲು ಹೂವನ್ನು ನೋಡಿದಳು, ಆಮೇಲೆ ಗಿಡವನ್ನು, ಸರಳು ಹಿಡಿದ ಬೇರನ್ನು, ಗೂಡಿನ ದೀಪವನ್ನು, ಕಿಟಕಿಯಾಚೆಯ ಬೀದಿಯನ್ನು. ತಾನು ಇಷ್ಟು ವರ್ಷ ಇದ್ದ ಮನೆಯಿಂದ ಬೀದಿ ಹೀಗೆ ಕಾಣುತ್ತದೆ ಅಂತ ಅವಳಿಗೆ ಅವತ್ತೇ ಗೊತ್ತಾದದ್ದು. ಅವಳ ಕಿವಿಯ ಪಕ್ಕ ಕೂದಲು ನೆರೆತಿದ್ದು ನನಗೂ ಆ ಬಿಸಿಲಲ್ಲೇ ಕಂಡದ್ದು. ಅಜ್ಜಿ ಪೂಜೆ ಮುಗಿಸಿದರು, ದಂಡೆಯನ್ನು ತಟ್ಟೆಯಲ್ಲಿಟ್ಟರು, ಲಿಂಗವನ್ನು ಕರಡಿಗೆಗೆ ಸೇರಿಸಿ ಮುಚ್ಚಳ ಹಾಕಿದರು. ಆಮೇಲೆ ಬಾಯಿಬಿಟ್ಟರು. ಬೈಗುಳ ಬರುತ್ತದೆ ಅಂತ ನಾನು ಕಣ್ಣು ಮುಚ್ಚಿದೆ.

"ನೀನು ಕೊಟ್ಟ ಹೂವು ಕಣಮ್ಮ. ಎಂಗೆ ಒಪ್ತು ನೋಡು ಶಿವನಿಗೆ."

"ನಾನು ಕೊಡಲಿಲ್ಲ ಅತ್ತೆ. ಕೀಳಲ್ಲ ಅಂತ ನೀವು ಮಾತು ಕೊಟ್ಟಿದ್ರಂತೆ."

"ನಾನ್ಯಾಕೆ ಅಂಗೆ ಮಾತು ಕೊಡ್ಲಿ? ಮೊದಲ ಹೂವು ಪೂಜೆಗೆ ಅಂತಲೇ ಜಯ ಗಿಡ ಕೊಡ್ತಾವಳೆ ಅಂದ ಮಾದೇವ. ಅದಕ್ಕೇ ಇಟ್ಕೊಂಡೆ. ಇಷ್ಟು ದಿನ ಅದರ ಎಲೆ ಒರೆಸಿದ್ದು ಯಾಕೆ ಅನ್ಕೊಂಡೆ? ದೇವರನ್ನಂತೂ ನೋಡೋಕೆ ಬರಲಿಲ್ಲ ನೀನು, ಹೂವನ್ನಾದ್ರೂ ಕಳಿಸಿದ್ಯಲ್ಲ ಅಂತ."

"ಬರಬೇಡ ಅಂದೋರು ನೀವು."

"ನಾನಾ?"

ಅಜ್ಜಿ ಮಣೆಯಿಂದ ಎದ್ದರು. ಸೊಂಟ ನೋವಿದ್ದವರು ಗೋಡೆ ಹಿಡಿಯದೆ ಎದ್ದರು.

"ನಾನು ಯಾವತ್ತು ಅಂದೆ ಜಯಾ? ಲಿಂಗ ಕೈಲಿ ಹಿಡ್ಕೊಂಡೋಳು ಮನೆ ಸೊಸೆನ ಹೊರಗೆ ನಿಲ್ಲಿಸ್ತಾಳಾ? ಅವಳಿಗೆ ಅವರ ಮನೆದೇವರೇ ದೇವರು, ನಮ್ಮ ಪೂಜೆಗೆ ಕರೀಬೇಡಿ, ಬಲವಂತ ಅನ್ಕೋತಾಳೆ ಅಂದ ನಿನ್ನ ಗಂಡ. ಮದುವೆಯಾದ ವಾರದಲ್ಲೇ ಅಂದ. ನಾನು ದಿನಾ ಆ ಬಾಗಿಲು ನೋಡ್ತಿದ್ದೆ ಕಣಮ್ಮ, ಇವತ್ತಾದ್ರೂ ಬರ್ತಾಳಾ ಅಂತ."

ಅಮ್ಮ ಮೆಲ್ಲಗೆ, ತನಗೇ ಹೇಳಿಕೊಳ್ಳುವವಳ ಹಾಗೆ ಹೇಳಿದಳು. ಅದೇ ವಾರದಲ್ಲಿ ಅವಳಿಗೂ ಹೇಳಿದ್ದರಂತೆ ಅಪ್ಪಾಜಿ. ಅವ್ವ ಹಳೇ ಕಾಲದವರು, ನೀನು ದೇವರಮನೆಗೆ ಮಾತ್ರ ಹೋಗಬೇಡ, ಮಿಕ್ಕ ಮನೆಯೆಲ್ಲ ನಿಂದೇ ಅಂತ. ಹೇಳುತ್ತಾ ಹೇಳುತ್ತಾ ಅಮ್ಮ ಕಿಟಕಿ ಕಟ್ಟೆಯ ಮೇಲೆ ಕುಕ್ಕರಿಸಿಬಿಟ್ಟಳು. ಗಿಡದ ಪಕ್ಕದಲ್ಲೇ. ಇಡೀ ಬೀದಿಯಲ್ಲಿ ಇಷ್ಟು ಒಳ್ಳೆಯ ಮನುಷ್ಯ ಇಲ್ಲ ಅಂತ ನಾನು ನಂಬಿದ್ದ ನನ್ನ ಅಪ್ಪಾಜಿ! ಒಂದು ದಿನ ಒರಟು ಮಾತಾಡದವರು.

ಅಷ್ಟರಲ್ಲಿ ಅವರೇ ಮೆಟ್ಟಿಲು ಹತ್ತಿ ಬಂದರು, ಮಾರ್ಕೆಟ್ಟಿನಿಂದ, ಕೈಯಲ್ಲಿ ವೀಳ್ಯದೆಲೆ ಕಟ್ಟು. ದೇವರಮನೆಯೊಳಗಿಂದ ಇಬ್ಬರ ದನಿ ಕೇಳಿ ಹೊಸಿಲ ಹತ್ತಿರ ನಿಂತರು. ತಿರುವಿನಿಂದ ಅಜ್ಜಿ ಈಚೆಗೆ ಬಂದರು, ಹಿಂದೆ ಅಮ್ಮ. ಅಪ್ಪಾಜಿಯ ಮುಖದಲ್ಲಿ ಆ ಎಂದಿನ ನಗು ಬಂತು, ಅರ್ಧಕ್ಕೆ ನಿಂತಿತು. ನಾನು ನೋಡುತ್ತಲೇ ಇದ್ದೆ. ಅಜ್ಜಿಯ ಕಡೆ ತಿರುಗಿ ಬಾಯಿ ತೆರೆದರು, ಪಕ್ಕದಲ್ಲಿ ಅಮ್ಮ ಇದ್ದಳು. ಅಮ್ಮನ ಕಡೆ ತಿರುಗಿದರು, ಪಕ್ಕದಲ್ಲಿ ಅಜ್ಜಿ. ಒಬ್ಬೊಬ್ಬರಿಗೆ ಹೇಳುವ ಮಾತು ಅವರಲ್ಲಿ ಬೇಕಾದಷ್ಟಿತ್ತು, ಇಬ್ಬರಿಗೂ ಒಟ್ಟಿಗೆ ಹೇಳುವ ಮಾತು ಒಂದೂ ಇರಲಿಲ್ಲ. ಕೊನೆಗೆ ನನ್ನನ್ನು ನೋಡಿದರು, ನಾನೇನಾದರೂ ಹೇಳಿಯೇನು ಅನ್ನುವ ಹಾಗೆ. ನಾನು ಕನ್ನಡಿಯನ್ನು ಎದೆಗೆ ಒತ್ತಿಕೊಂಡೆ.

"ಇಬ್ಬರಿಗೂ ಬೇಜಾರಾಗಬಾರದು ಅಂತ ಅವ್ವ," ಅಂದರು. "ನೀವು ಬಾ ಅನ್ನೋದು, ಅವಳು ಬರಲ್ಲ ಅನ್ನೋದು, ಇಲ್ಲ ಅವಳು ಬಂದು ನೀವು ಮುಖ ತಿರುಗಿಸೋದು, ಇದೆಲ್ಲ ಯಾಕೆ ಅಂತ. ಇಷ್ಟು ವರ್ಷದಲ್ಲಿ ಈ ಮನೇಲಿ ಒಂದು ದಿನ ಜಗಳ ಆಗಿದ್ಯಾ, ನೀವೇ ಹೇಳಿ?"

ಆಗಿರಲಿಲ್ಲ. ಅದೇ ಭಯಂಕರ. ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪಾಜಿ ಸಮಾಧಾನ ಹೇಳಲು ಒಂದು ಕಾಲೆತ್ತಿ ಹೊಸಿಲೊಳಗೆ ಇಡಲು ಹೋದರು. ಅಮ್ಮ ಅವರನ್ನು ಬಹುವಚನದಲ್ಲೇ, ದನಿ ಏರಿಸದೆ ತಡೆದಳು.

"ನೀವು ಅಲ್ಲೇ ಇರಿ."

ಎತ್ತಿದ ಕಾಲನ್ನು ಅಪ್ಪಾಜಿ ವಾಪಸು ಇಟ್ಟರು. ಅಜ್ಜಿ ಮಗನ ಪರ ಒಂದು ಮಾತು ಆಡಲಿಲ್ಲ. ಒಳಗೆ ತಿರುಗಿ, ಕೂತ್ಕೊಳ್ಳಮ್ಮ, ಬಿಸಿಲು ಹೋಗೋದ್ರೊಳಗೆ ಕೂತ್ಕೊ ಅಂತ ತಾವು ಕೂರುವ ಮಣೆಯನ್ನು ಅಮ್ಮನ ಕಡೆ ತಳ್ಳಿದರು. ತಟ್ಟೆಯಲ್ಲಿದ್ದ ದಂಡೆಯನ್ನು ಎತ್ತಿ ಅಮ್ಮನ ಹಿಟ್ಟು ಮೆತ್ತಿದ ಕೈಗೆ ಕೊಟ್ಟರು. ಅಮ್ಮ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತಳು. ಇಳಿಬಿಸಿಲಾಗುವವರೆಗೆ ಅವತ್ತು ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಅದರ ಮಾರನೆಯ ದಿನವೇ ನಮ್ಮ ಮನೆಯಲ್ಲಿ ಮೊದಲ ಜಗಳ ಆಯಿತು. ದೀಪದ ಬಿಸಿ ಗಿಡಕ್ಕೆ ತಾಕುತ್ತದೆ, ಆ ಕಡೆ ಇಡಿ ಅತ್ತೆ ಅಂದಳು ಅಮ್ಮ. ನಾನು ಈ ಮನೆಗೆ ಬಂದಾಗಿನಿಂದ ದೀಪ ಅಲ್ಲೇ ಇರೋದು, ನಿನ್ನ ಗಿಡನೇ ಆ ಕಡೆ ಹೋಗ್ಲಿ ಅಂದರು ಅಜ್ಜಿ. ದನಿ ಬೀದಿಗೆ ಕೇಳಿತು. ಬಳೆಯವರು ಗಾಬರಿಯಾಗಿ ಏನಾಯ್ತು ಅಂತ ಮೇಲೆ ಬಂದರು. ನಾನು ಮೂಲೆಯಲ್ಲಿ ನಿಂತಿದ್ದೆ, ಭಯದ ಜೊತೆಗೆ ಎಂಥದೋ ಖುಷಿಯೂ ಆಗುತ್ತಿತ್ತು. ಅಲ್ಲಿಂದ ಅವರಿಬ್ಬರೂ ಎಷ್ಟು ಜಗಳ ಆಡಿದರು ಅಂದರೆ ಹೇಳತೀರದು, ಉಪ್ಪಿಗೆ, ಹುಳಿಗೆ, ಕಿಟಕಿಯ ಬಾಗಿಲು ಎಷ್ಟು ತೆರೆಯಬೇಕು ಅನ್ನುವುದಕ್ಕೆ. ಮುನಿಸಿಕೊಂಡು ಊಟ ಬಿಡೋರು, ಸಂಜೆಗೆ ಒಂದೇ ಮಣೆಯ ಮೇಲೆ ಕೂತು ಹೂ ಕಟ್ಟೋರು. ಅತ್ತೆ ಸೊಸೆ ಹೀಗಿರಬೇಕು ಅಂತ ಬೀದಿಯವರು ಹೇಳುವುದನ್ನು ಬಿಟ್ಟರು.

ಅಪ್ಪಾಜಿ ಮಾತ್ರ ದೇವರಮನೆಯೊಳಗೆ ಮತ್ತೆ ಹೋಗಲಿಲ್ಲ. ಹಜಾರದ ಲೈಟಿನ ಕೆಳಗೆ ಚಾಪೆ ಹಾಕಿಕೊಂಡು ತಮ್ಮ ಪೂಜೆ ಮಾಡಿಕೊಳ್ಳೋರು. ಅಲ್ಯಾಕೋ ಕತ್ತಲಲ್ಲಿ ಕೂತಿದ್ದೀಯ ಮಾದೇವ ಅಂತ ಅಜ್ಜಿ ಒಳಗಿಂದ ಕೇಳಿದರೆ, ಇಲ್ಲೇ ಚೆನ್ನಾಗಿದೆ ಅವ್ವ ಅನ್ನೋರು, ಅದೇ ಸಿಹಿ ದನಿಯಲ್ಲಿ. ಮುಂದಿನ ಬೇಸಿಗೆಗೆ ಗಿಡ ಮತ್ತೆ ದಂಡೆ ಹಾಕಿತು. ಅಮ್ಮ ಅಜ್ಜಿ ಇಬ್ಬರೂ ಒಳಗಿದ್ದರು, ಈ ಸಲ ಕೀಳೋದಾ ಬಿಡೋದಾ ಅಂತ ವಾದ ನಡೆದಿತ್ತು. ನಾನು ಹೊರಗೆ ಬಂದರೆ ಅಪ್ಪಾಜಿ ಹೊಸಿಲ ಹತ್ತಿರ, ಅಮ್ಮ ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, ನೆಲದ ಮೇಲಿನ ನೆರಳನ್ನು ನೋಡುತ್ತಿದ್ದಾರೆ. ಹೂವು ಎಂಗಿದೆ ಮಗ, ಯಾವ ಬಣ್ಣ ಅಂತ ನನ್ನನ್ನು ಕೇಳಿದರು. ಆಮೇಲೆ ದನಿ ತಗ್ಗಿಸಿ, ನಿಮ್ಮಮ್ಮನ್ನ ಒಂದು ಮಾತು ಕೇಳು, ನಾನು ಒಳಗೆ ಬರಬಹುದಾ ಅಂತ, ನಾನು ಕೇಳಿದೆ ಅನ್ನಬೇಡ ಅಂದರು. ನನಗೆ ಅಪ್ಪಾಜಿ ಅಂದರೆ ಪ್ರಾಣ. ಆದರೂ ಬಾಯಿಗೆ ಬಂದದ್ದು ಒಂದೇ ಮಾತು.

"ನೀವೇ ಕೇಳಿ ಅಪ್ಪಾಜಿ. ಅಲ್ಲೇ ಇದಾಳೆ."

ಅವರು ಒಳಗೆ ನೋಡಿದರು. ತುಟಿ ಅಲುಗಿತು. ಇಡೀ ಬೀದಿಯ ಮುನಿಸು ಬಿಡಿಸಿದ ಮನುಷ್ಯ ಅಲ್ಲಿ ಬಹಳ ಹೊತ್ತು ನಿಂತಿದ್ದರು, ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಇಳಿದುಹೋದರು. ಆ ಹೂವನ್ನು ಅವರು ನೋಡಲಿಲ್ಲ, ಅದರ ನಂತರದವನ್ನೂ ನೋಡಲಿಲ್ಲ. ಯಾರ ಮಾತನ್ನೂ ಯಾರಿಗೂ ಹೊತ್ತುಕೊಂಡು ಹೋಗದವಳು ನಾನಾದದ್ದು ಅಲ್ಲಿಂದ. ಅದಕ್ಕೇ ನನ್ನನ್ನು ಜಗಳಗಂಟಿ ಅನ್ನುತ್ತಾರೆ, ಅನ್ನಲಿ.

ಈಗ ಅಜ್ಜಿ ಇಲ್ಲ, ಅಪ್ಪಾಜಿ ಇಲ್ಲ. ಆ ಗಿಡದ ಬುಡದಲ್ಲಿ ಒಡೆದ ಮರಿಯೊಂದು ನನ್ನ ವಿಜಯನಗರದ ಮನೆಯ ಪೂರ್ವದ ಕಿಟಕಿಯಲ್ಲಿದೆ. ಅಮ್ಮ ನನ್ನ ಜೊತೆಗಿದ್ದಾಳೆ, ಬೆಳಗಿನ ಕಾಫಿಯನ್ನು ಅದರ ಪಕ್ಕವೇ ಕೂತು ಕುಡಿಯುತ್ತಾಳೆ. ಕಳೆದ ತಿಂಗಳು ಅದು ದಂಡೆ ಹಾಕಿತು. ನೋಡುತ್ತಾ ಕೂತಿದ್ದಾಗ ನನಗೆ ಅಪ್ಪಾಜಿಯ ಆ ಚಾಪೆ ನೆನಪಾಗಿ, ಕೊನೆಯವರೆಗೂ ನೀನು ಅವರನ್ನು ಒಳಗೆ ಬಿಡಲಿಲ್ಲವಲ್ಲಮ್ಮ ಅಂದುಬಿಟ್ಟೆ. ಅಮ್ಮ ಕಾಫಿ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದಳು.

"ನಾನು ಬಿಡಲಿಲ್ವಾ? ಆ ಹೊತ್ತಿಗೆ ಅಲ್ಲೇ ಇರಿ ಅಂದೆ. ಬರಲೇಬೇಡಿ ಅಂತ ಯಾವತ್ತು ಅಂದೆ? ಒಂದು ಸಲ ಬಾಯಿಬಿಟ್ಟು ಕೇಳ್ತಾರೇನೋ ಅಂತ ದಿನಾ ಆ ಬಾಗಿಲು ನೋಡ್ತಿದ್ದೆ ಕಣೇ."

ನನ್ನ ಕೈಲಿದ್ದ ನೀರಿನ ಚೊಂಬು ಹಾಗೇ ನಿಂತಿತು. ಅಜ್ಜಿ ಆಡಿದ ಮಾತು ಅದು, ಅದೇ ಮಾತು. ಅಮ್ಮನಿಗೆ ಅದು ಗೊತ್ತಾಯಿತೋ ಇಲ್ಲವೋ, ಅವಳು ಆಗಲೇ ಗಿಡದ ಕಡೆ ತಿರುಗಿದ್ದಳು. ಬೇರು ಬೆಳ್ಳಗಾಗಿದೆ ನೋಡು, ನೀರು ಹಾಕು ಅಂದಳು.